ತಬ್ಬಲಿಯ ಮನೆ

'ಅನಾಥ' ಎಂಬುದು ಸಂಸ್ಕೃತದ ಮಾತು. 'ತಬ್ಬಲಿ' ಎಂಬುದು ಕನ್ನಡದ್ದು. ಮೊದಲನೆಯದು ರಕ್ಷಕನಿಲ್ಲದ ಸ್ಥಿತಿಯನ್ನು ತಿಳಿಸಿದರೆ, ಎರಡನೆಯದು ಮಡಿಲು ತಪ್ಪಿದ ನೋವನ್ನು ತಿಳಿಸುತ್ತದೆ. ರಕ್ಷಕನನ್ನು ರಾಜಾಜ್ಞೆಯಿಂದಲಾದರೂ ನೇಮಿಸಬಹುದು, ಮಡಿಲನ್ನು ನೇಮಿಸಲಾಗದು. ಗೋವಿನ ಹಾಡಿನ ಪುಣ್ಯಕೋಟಿ ಹುಲಿಯ ಬಳಿಗೆ ಮರಳುವ ಮುನ್ನ ಮಾಡಿದ ಕೆಲಸವೇನು? ತನ್ನ ಕರುವನ್ನು ದೊಡ್ಡಿಯ ಒಡನಾಡಿಗಳ ಕೈಗೆ ಒಪ್ಪಿಸಿದಳು. ಸತ್ಯನಿಷ್ಠೆಯನ್ನು ಕಲಿಸುವ ಸಲುವಾಗಿ ಆ ಹಾಡನ್ನು ನಮ್ಮ ಶಾಲೆಗಳಲ್ಲಿ ಹೇಳಿಕೊಡುತ್ತಾರೆ. ಆದರೆ ಸಾಯಲಿರುವ ತಾಯಿಯೊಬ್ಬಳು ತನ್ನ ಕಂದನಿಗೆ ಮಾಡಿಹೋಗಬೇಕಾದ ಏರ್ಪಾಡಿನ ಪಾಠವೂ ಅದರಲ್ಲಿದೆ ಎಂಬುದು ಸಾಮಾನ್ಯವಾಗಿ ಲಕ್ಷ್ಯಕ್ಕೆ ಬರುವುದಿಲ್ಲ.

ಈ ಪಾಠವನ್ನು ದೂರದ ಆಫ್ರಿಕಾ ಖಂಡದಲ್ಲಿ ಕಣ್ಣಾರೆ ಕಂಡು ಬಂದವರೊಬ್ಬರು ಕೊಡಗಿನ ತೆಂಕಣ ತುದಿಯ ಕುಟ್ಟದಲ್ಲಿದ್ದಾರೆ. ಬಾಲ್ಯದಲ್ಲಿ ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರು. ಅವರ ತಂದೆ ಕೊಡ್ಲಿಪೇಟೆಯ ಕಡೆಯಿಂದ ಬಂದು ಕುಟ್ಟದ ಕಾಫಿ ತೋಟವೊಂದರಲ್ಲಿ ರೈಟರಾಗಿದ್ದರು. ತಮ್ಮ ಹೆಸರನ್ನು ಎಲ್ಲಿಯೂ ಅಚ್ಚು ಮಾಡಕೂಡದೆಂಬುದು ಅವರ ಕಟ್ಟಪ್ಪಣೆ. ಆದ್ದರಿಂದ ಊರವರು ಕರೆಯುವಂತೆ ಅವರು ಇಲ್ಲಿಯೂ ಬರಿಯ 'ಮೇಷ್ಟ್ರು'.

ಸ್ವಾತಂತ್ರ್ಯ ಪಡೆದ ಆಫ್ರಿಕದ ಹಲವು ದೇಶಗಳು ತಮ್ಮ ಶಾಲೆಗಳಿಗೆ ಭಾರತದಿಂದ ಉಪಾಧ್ಯಾಯರನ್ನು ಕರೆಸಿಕೊಳ್ಳುತ್ತಿದ್ದ ಕಾಲವೊಂದಿತ್ತು. ಮೇಷ್ಟ್ರು 1984ರಲ್ಲಿ ಜಾಂಬಿಯಾಕ್ಕೆ ಹೋದದ್ದು ಹಾಗೆ. ತಾಮ್ರದ ಗಣಿಗಳ ಸೀಮೆಯ ಪ್ರೌಢಶಾಲೆಯೊಂದರಲ್ಲಿ ಹದಿನೈದು ವರ್ಷ ಗಣಿತ ಹೇಳಿದರು. ಏಡ್ಸ್ ರೋಗವು ವೈದ್ಯಲೋಕದ ಗಮನಕ್ಕೆ ಬಂದದ್ದು 1981ರಲ್ಲಿ. ಅದಕ್ಕೆ ಕಾರಣವಾದ ವೈರಾಣು ಪತ್ತೆಯಾದದ್ದು 1983ರಲ್ಲಿ. ಮೇಷ್ಟ್ರು ಹೋದ ಹೊಸತರಲ್ಲಿ ಅಲ್ಲಿಯ ಜನ ಆ ಹೆಸರನ್ನೇ ಕೇಳಿರಲಿಲ್ಲ. ಹತ್ತು ವರ್ಷ ಕಳೆಯುವುದರೊಳಗೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಉಳಿದಿರಲಿಲ್ಲ.

ಬೇರೆ ವ್ಯಾಧಿಗಳು ಮುದುಕರನ್ನೂ ಕೂಸುಗಳನ್ನೂ ಮೊದಲು ಕೊಂಡೊಯ್ದರೆ, ಈ ವ್ಯಾಧಿ ದುಡಿಯುವ ಪ್ರಾಯದ ತಂದೆತಾಯಿಗಳನ್ನೇ ಆರಿಸಿಕೊಂಡಿತು. ಮನೆಯ ನಡುಗಂಬ ಮುರಿದು, ಒಂದು ಕಡೆ ಅಜ್ಜಿ, ಇನ್ನೊಂದು ಕಡೆ ಮೊಮ್ಮಕ್ಕಳು ಉಳಿದರು. ಉಪಾಧ್ಯಾಯರೂ ಉಳಿಯಲಿಲ್ಲ. 1998ರ ಮೊದಲ ಹತ್ತು ತಿಂಗಳಲ್ಲಿ ಜಾಂಬಿಯಾ ದೇಶವೊಂದರಲ್ಲಿಯೇ ಸುಮಾರು 1,300 ಮಂದಿ ಶಿಕ್ಷಕರು ತೀರಿಕೊಂಡರು. ಮೇಷ್ಟ್ರ ಹಾಜರಿ ಪುಸ್ತಕದಲ್ಲಿ ಹೆಸರುಗಳು ಒಂದೊಂದಾಗಿ ಕಡಿಮೆಯಾದವು. ಹಾಗೆ ಹೋದ ಮಕ್ಕಳೆಲ್ಲ ಸತ್ತವರಲ್ಲ. ಕೆಲವರು ತಾಯಿಯ ಶುಶ್ರೂಷೆಗೆ ನಿಂತವರು, ಕೆಲವರು ತಮ್ಮತಂಗಿಯರಿಗೆ ಹಿಟ್ಟು ಬೇಯಿಸಲು ನಿಂತವರು. ಹನ್ನೆರಡು ವರ್ಷದ ಹುಡುಗಿ ಗೃಹಿಣಿಯಾದಳು. ಹದಿನಾಲ್ಕರ ಹುಡುಗ ಯಜಮಾನನಾದನು.

ಆಗ ಆ ನಾಡಿಗೆ ಪರದೇಶಗಳಿಂದ ದಾನಿಗಳು ಬರತೊಡಗಿದರು. ಅನೇಕರಿಗೆ ಮೊದಲು ತೋಚಿದ್ದು ಅನಾಥಾಲಯ. ಕಟ್ಟಡ ಕಣ್ಣಿಗೆ ಕಾಣುತ್ತದೆ. ಬಾಗಿಲ ಮೇಲೆ ದಾನಿಯ ಹೆಸರು ಕೆತ್ತಿಸಬಹುದು. ಆದರೆ ಆಫ್ರಿಕದ ತಬ್ಬಲಿಗಳಲ್ಲಿ ಬಹುಪಾಲು ಮಕ್ಕಳನ್ನು ಸಾಕಿದವರು ಅಜ್ಜಿಯರು, ಚಿಕ್ಕಮ್ಮಂದಿರು, ನೆರೆಹೊರೆಯವರು. ಬಡ ಅಜ್ಜಿಯೊಬ್ಬಳ ಮನೆಯಲ್ಲಿ ಒಂದು ಮಗುವಿಗೆ ಸಾಲುವ ಜೋಳದ ಹಿಟ್ಟಿನಲ್ಲಿ ಆರು ಮಕ್ಕಳು ಉಣ್ಣುತ್ತಿದ್ದವು. ಅವಳಿಗೆ ಬೇಕಾಗಿದ್ದದ್ದು ಒಂದು ಚೀಲ ಗೊಬ್ಬರ, ಎರಡು ಕೋಳಿ, ಶಾಲೆಯ ಶುಲ್ಕ, ಒಂದು ಜೊತೆ ಸಮವಸ್ತ್ರ. ಮಕ್ಕಳನ್ನು ಅವಳಿಂದ ಬಿಡಿಸಿ ಕಟ್ಟಡಕ್ಕೆ ಸೇರಿಸಿದರೆ ಅವರಿಗೆ ಅನ್ನವೇನೋ ಸಿಗುತ್ತಿತ್ತು. ಆದರೆ ಹೊಲ, ಭಾಷೆ, ಬಳಗ ಮೂರೂ ಕೈಬಿಟ್ಟು ಹೋಗುತ್ತಿದ್ದವು. ಇದನ್ನರಿತ ಸೇವಾಸಂಸ್ಥೆಗಳು ಬರಬರುತ್ತ ಮಕ್ಕಳನ್ನು ಸಾಕುವ ಮನೆಗಳಿಗೇ ನೆರವು ನೀಡತೊಡಗಿದವು. ಕೆನಡಾ ದೇಶದ ಸ್ಟೀಫನ್ ಲೂಯಿಸ್ ಅವರ ಪ್ರತಿಷ್ಠಾನವು 2006ರಲ್ಲಿ ಆರಂಭಿಸಿದ ಕಾರ್ಯದಲ್ಲಿ ಆ ನಾಡಿನ ಅಜ್ಜಿಯರು ಆಫ್ರಿಕದ ಅಜ್ಜಿಯರಿಗಾಗಿ ಹಣ ಕೂಡಿಸುತ್ತ ಬಂದಿದ್ದಾರೆ. ಜಾಂಬಿಯಾದಲ್ಲಿ ಊರವರೇ ಸೇರಿ ಸಮುದಾಯ ಶಾಲೆಗಳನ್ನು ತೆರೆದರು. ಅಲ್ಲಿ ಸಮವಸ್ತ್ರ ಕಡ್ಡಾಯವಲ್ಲ. ಊರಿನಲ್ಲಿ ಅಷ್ಟಿಷ್ಟು ಓದಿದವರೇ ಉಪಾಧ್ಯಾಯರು. ಮೇಷ್ಟ್ರು ಸಂಜೆಯ ಹೊತ್ತು ಅಂಥದೊಂದು ಶಾಲೆಗೆ ಹೋಗಿ ಮಗ್ಗಿ ಹೇಳಿಸಿ ಬರುತ್ತಿದ್ದರು.

ಉಗಾಂಡಾದ ತಾಯಂದಿರು ಮಾಡಿದ ಇನ್ನೊಂದು ಕಾರ್ಯವಂತೂ ಮನಸ್ಸನ್ನು ಕಲಕುವಂಥದು. 1990ರ ದಶಕದ ಕೊನೆಯ ಹೊತ್ತಿಗೆ, ರೋಗ ತಗಲಿದ ಹೆಂಗಸರು ತಮ್ಮ ಮಕ್ಕಳಿಗಾಗಿ 'ನೆನಪಿನ ಪುಸ್ತಕ'ಗಳನ್ನು ಬರೆಯಲು ಮೊದಲುಮಾಡಿದರು. ನೀನು ಹುಟ್ಟಿದ ದಿನ ಹೇಗಿತ್ತು, ನಿನ್ನ ಅಜ್ಜನ ಊರು ಯಾವುದು, ನಮ್ಮ ಕುಲದ ಪದ್ಧತಿಗಳೇನು, ನಮ್ಮ ಪಾಲಿನ ಭೂಮಿ ಎಲ್ಲಿದೆ, ನನ್ನ ಬಳಿಕ ನಿನ್ನನ್ನು ಯಾರು ನೋಡಿಕೊಳ್ಳುತ್ತಾರೆ ಎಂಬಿವೇ ಅದರ ಅಧ್ಯಾಯಗಳು. ಬರೆಯಬೇಕಾದರೆ ತಾಯಿ ತನ್ನ ರೋಗವನ್ನು ಮಗುವಿಗೆ ತಿಳಿಸಲೇಬೇಕು. ಬರೆದಾದ ಮೇಲೆ ಪಾಲಕರನ್ನು ಗೊತ್ತುಮಾಡಲೇಬೇಕು. ಪುಣ್ಯಕೋಟಿ ಬಾಯಲ್ಲಿ ಹೇಳಿದ್ದನ್ನು ಈ ತಾಯಂದಿರು ಬರೆದಿಟ್ಟರು, ಅಷ್ಟೆ.

ಔಷಧವಿರಲಿಲ್ಲವೆ ಎಂದರೆ, ಇತ್ತು. ಆದರೆ 2000ದ ಸುಮಾರಿಗೆ ಒಬ್ಬ ರೋಗಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮಿಕ್ಕಿದ ಬೆಲೆ. 2001ರ ಫೆಬ್ರವರಿಯಲ್ಲಿ ಭಾರತದ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅವರು ಮೂರು ಔಷಧಗಳನ್ನು ಕೂಡಿಸಿ, ಬಡವರ ಸೇವೆಗೆ ನಿಂತ ವೈದ್ಯರ ಸಂಸ್ಥೆಗೆ ವರ್ಷಕ್ಕೆ 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗೂ ಕಡಿಮೆ ಬೆಲೆಗೆ ಕೊಡುವುದಾಗಿ ಸಾರಿದರು. ಪೈಪೋಟಿಯಿಂದ ಬೆಲೆ ಇನ್ನೂ ಇಳಿಯಿತು. 2003ರಿಂದ 2008ರವರೆಗೆ ಬಡ ರಾಷ್ಟ್ರಗಳಿಗಾಗಿ ದಾನದ ಹಣದಿಂದ ಕೊಂಡ ಈ ಔಷಧಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಭಾರತದಲ್ಲಿ ತಯಾರಾದವು. ಚಿಕಿತ್ಸೆಯಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ಹರಡುವ ಸಂಭವ ನೂರಕ್ಕೆ 15ರಿಂದ 45. ಸಕಾಲದ ಚಿಕಿತ್ಸೆಯಿಂದ ಅದು ನೂರಕ್ಕೆ ಐದಕ್ಕಿಂತಲೂ ಕೆಳಗಿಳಿಯುತ್ತದೆ. ತಾಯಿಯನ್ನು ಉಳಿಸುವುದಕ್ಕಿಂತ ಮಿಗಿಲಾದ ಅನಾಥಸೇವೆ ಉಂಟೆ?

ಮೇಷ್ಟ್ರು 1999ರಲ್ಲಿ ಕುಟ್ಟಕ್ಕೆ ಮರಳಿದರು. ಬ್ರಹ್ಮಗಿರಿಯ ಸಾಲು, ಇರ್ಪಿನ ಲಕ್ಷ್ಮಣತೀರ್ಥ, ಒಂದು ಮಗ್ಗುಲಿಗೆ ನಾಗರಹೊಳೆಯ ಕಾಡು, ಇನ್ನೊಂದು ಮಗ್ಗುಲಿಗೆ ಕೇರಳದ ವಯನಾಡು: ಇದು ಕುಟ್ಟದ ಎಲ್ಲೆಕಟ್ಟು. ಕಾಫಿ ಹಣ್ಣಾಗುವ ಕಾಲಕ್ಕೆ ನಾನಾ ಊರುಗಳ ಕೂಲಿಗಳು ಬಂದು ಲೈನ್‌ಮನೆಗಳಲ್ಲಿ ಇಳಿಯುತ್ತಾರೆ; ಕೆಲವರು ಅಲ್ಲಿಯೇ ನೆಲೆಸುತ್ತಾರೆ. ಲೈನ್‌ಮನೆ ದುಡಿಮೆಗೆ ಕಟ್ಟುಬಿದ್ದ ಮನೆ. ದುಡಿಯುವವನು ಸತ್ತರೆ ಸೂರೂ ಅಲುಗಾಡುತ್ತದೆ. ಜಿಂಬಾಬ್ವೆಯ ದೊಡ್ಡ ತೋಟಗಳಲ್ಲಿಯೂ ಇದೇ ಕಥೆ. ಅಲ್ಲಿಯ ಕೂಲಿಗಳಲ್ಲಿ ಅನೇಕರು ಮಲಾವಿ, ಮೊಜಾಂಬಿಕ್‌ಗಳಿಂದ ಬಂದ ಕುಟುಂಬದವರು. ತಂದೆತಾಯಿ ಸತ್ತರೆ ಮಕ್ಕಳಿಗೆ ಸಮೀಪದಲ್ಲಿ ಬಂಧುಗಳಿಲ್ಲ, ಸ್ವಂತ ಸೂರಿಲ್ಲ. ಅಂಥ ಮಕ್ಕಳನ್ನು ಅದೇ ತೋಟದ ಬೇರೆ ಸಂಸಾರಗಳಲ್ಲಿ ನೆಲೆಗೊಳಿಸುವುದಕ್ಕಾಗಿಯೇ ಅಲ್ಲಿ ಒಂದು ಧರ್ಮಸಂಸ್ಥೆ ಹುಟ್ಟಿತು.

2007ರಲ್ಲಿ ಅಂಥದೇ ಒಂದು ಮಗು ಕುಟ್ಟದ ಸಮೀಪದ ಲೈನ್‌ಮನೆಯಲ್ಲಿ ಮೇಷ್ಟ್ರ ಕಣ್ಣಿಗೆ ಬಿತ್ತು. ತಂದೆತಾಯಿ ಇಬ್ಬರೂ ಒಂದೇ ವರ್ಷದಲ್ಲಿ ತೀರಿಹೋಗಿದ್ದರು. ಎಂಟು ವರ್ಷದ ಹುಡುಗ. ಅವನ ರಕ್ತದಲ್ಲಿಯೂ ಸೋಂಕು. ಹೆಗ್ಗಡದೇವನಕೋಟೆಯ ಕಡೆಯಿಂದ ಬಂದ ಅಜ್ಜಿ ಮೊಮ್ಮಗನಿಗಾಗಿ ಮತ್ತೆ ಕೂಲಿಗೆ ಇಳಿದಿದ್ದಳು. ಕರ್ನಾಟಕವೂ ಸೇರಿದಂತೆ ಸೋಂಕು ಹೆಚ್ಚಾಗಿದ್ದ ಆರು ರಾಜ್ಯಗಳಲ್ಲಿ 2004ರ ಏಪ್ರಿಲ್ ಒಂದರಿಂದ ಸರ್ಕಾರ ಉಚಿತ ಔಷಧ ಕೊಡತೊಡಗಿತ್ತು. ಮಕ್ಕಳಿಗೆಂದೇ ಪ್ರತ್ಯೇಕ ಏರ್ಪಾಡು 2006ರ ನವೆಂಬರಿನಲ್ಲಿ ಆರಂಭವಾಗಿತ್ತು. ಔಷಧವೇನೋ ಉಚಿತ, ಬಸ್ಸು ಉಚಿತವಲ್ಲ. ತಿಂಗಳಿಗೊಮ್ಮೆ ಗೋಣಿಕೊಪ್ಪಲು, ಹುಣಸೂರುಗಳನ್ನು ದಾಟಿ ಮೈಸೂರಿನ ಸರ್ಕಾರಿ ಆಸ್ಪತ್ರೆಗೆ ಹೋಗಿಬರಬೇಕಾದರೆ ಇಬ್ಬರ ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಹೋಗುತ್ತಿದ್ದವು. ಮೇಷ್ಟ್ರು ಕೊಟ್ಟ ನೆರವು ಇಷ್ಟೇ: ಆ ಚಾರ್ಜು, ಆ ಕೂಲಿ, ದಿನಕ್ಕೊಂದು ಮೊಟ್ಟೆ.

ಆದರೆ ಗುಟ್ಟು ಗುಟ್ಟಾಗಿ ಉಳಿಯಲಿಲ್ಲ. ಹುಡುಗ ಓದುತ್ತಿದ್ದ ಶಾಲೆಯಲ್ಲಿ ಕೆಲವು ತಂದೆತಾಯಿಗಳು ತಕರಾರು ತೆಗೆದರು. ಒಟ್ಟಿಗೆ ಕುಳಿತು ಉಣ್ಣುವುದರಿಂದ, ಆಡುವುದರಿಂದ, ಒಂದೇ ಬೆಂಚಿನಲ್ಲಿ ಓದುವುದರಿಂದ ಈ ಸೋಂಕು ತಗಲುವುದಿಲ್ಲವೆಂದು ಮುಖ್ಯೋಪಾಧ್ಯಾಯರು ಎಷ್ಟು ಹೇಳಿದರೂ ಭಯ ಇಳಿಯಲಿಲ್ಲ. ಅಜ್ಜಿ ಸಭೆಯ ಬಾಗಿಲಲ್ಲಿ ನಿಂತು, "ಅಕ್ಸರ ನೀವು ಕಲ್ಸಿ ಬುದ್ದಿ, ಮಾತ್ರೆ ನಾ ನುಂಗುಸ್ತೀನಿ" ಎಂದಳು. ಯಾರೂ ಉತ್ತರ ಕೊಡಲಿಲ್ಲ. ಮೇಷ್ಟ್ರು ಭಾಷಣ ಮಾಡಲಿಲ್ಲ. ಮರುದಿನದಿಂದ ಒಂದು ತಿಂಗಳು ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಶಾಲೆಗೆ ಹೋಗಿ, ಹುಡುಗನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು, ಅವನ ಜೊತೆಯಲ್ಲಿಯೇ ಉಂಡರು. ಆ ಊಟದ ಯೋಜನೆಗೆ ನಮ್ಮ ರಾಜ್ಯ ಇಟ್ಟಿರುವ ಹೆಸರು 'ಅಕ್ಷರದಾಸೋಹ'. ಎರಡು ಮನೆಗಳವರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು; ಅವರಲ್ಲಿ ಒಬ್ಬರು ವರ್ಷದ ಕೊನೆಗೆ ಮರಳಿ ತಂದು ಸೇರಿಸಿದರು, ಇನ್ನೊಬ್ಬರು ಬರಲೇ ಇಲ್ಲ. ಹುಡುಗ ಮಾತ್ರ ಶಾಲೆ ಬಿಡಲಿಲ್ಲ. ಅವನು ಹತ್ತನೆಯ ತರಗತಿ ಮುಗಿಸುವ ಮೊದಲೇ ಅಜ್ಜಿ ಕಣ್ಣುಮುಚ್ಚಿದಳು. ಈಗ ಅವನು ದುಡಿದು ಉಣ್ಣುವ ತರುಣ. ದಿನವೂ ತಪ್ಪದೆ ಮಾತ್ರೆ ನುಂಗುತ್ತಾನೆ. ಅವನ ಊರು, ಕಸುಬುಗಳ ವಿವರ ಇಲ್ಲಿ ಬೇಡ.

ಅಂದು ಆ ಮುಖ್ಯೋಪಾಧ್ಯಾಯರ ಬೆನ್ನಿಗಿಲ್ಲದ ಕಾನೂನಿನ ಬಲ ಇಂದು ಪ್ರತಿಯೊಬ್ಬ ಉಪಾಧ್ಯಾಯನಿಗೂ ಇದೆ. ಭಾರತದ ಸಂಸತ್ತು 2017ರಲ್ಲಿ ಮಾಡಿದ, 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯ ಪ್ರಕಾರ ಸೋಂಕಿನ ಕಾರಣಕ್ಕಾಗಿ ಯಾವ ಮಗುವಿಗೂ ಶಾಲೆಯ ಪ್ರವೇಶವನ್ನು ನಿರಾಕರಿಸುವಂತಿಲ್ಲ. ಸೋಂಕಿನ ಸುದ್ದಿಯನ್ನು ಬಯಲುಮಾಡುವಂತಿಲ್ಲ. ಅದೇ ಕಾಯಿದೆಯಲ್ಲಿ ಇನ್ನೆರಡು ಮಾತುಗಳಿವೆ. ಹನ್ನೆರಡು ತುಂಬಿ ಹದಿನೆಂಟಾಗದ, ತಿಳಿವಳಿಕೆ ಬಂದಿರುವ, ರೋಗಪೀಡಿತ ಸಂಸಾರವನ್ನು ನಡೆಸುತ್ತಿರುವ ಅಣ್ಣನೋ ಅಕ್ಕನೋ ತನ್ನ ತಮ್ಮತಂಗಿಯರನ್ನು ಪಾಲಕನ ಸ್ಥಾನದಲ್ಲಿ ನಿಂತು ಶಾಲೆಗೆ ಸೇರಿಸಬಹುದು. ಸೋಂಕಿರುವ ತಂದೆತಾಯಿಗಳು ತಾವು ಬದುಕಿರುವಾಗಲೇ ಮಕ್ಕಳಿಗೆ ಪಾಲಕರನ್ನು ಉಯಿಲಿನ ಮೂಲಕ ಗೊತ್ತುಮಾಡಬಹುದು. ಆಫ್ರಿಕದ ಎಳೆಯ ಯಜಮಾನರೂ ಉಗಾಂಡಾದ ತಾಯಂದಿರೂ ತೋರಿದ ದಾರಿಗೆ ನಮ್ಮಲ್ಲಿ ಶಾಸನದ ಮುದ್ರೆ ಬಿದ್ದಂತಾಯಿತು. ಪ್ರವೇಶದ ಅರ್ಜಿ ಹಿಡಿದು ಹದಿಮೂರರ ಅಕ್ಕನೊಬ್ಬಳು ಬಂದು ನಿಂತರೆ, 'ದೊಡ್ಡವರನ್ನು ಕರೆದುಕೊಂಡು ಬಾ' ಎಂದು ಹಿಂದಕ್ಕಟ್ಟುವ ಮೊದಲು ಇದನ್ನು ನೆನೆಯಬೇಕು.

ನಮ್ಮ ಮನೆಯ ಮಕ್ಕಳಿರುವಾಗ ಆಫ್ರಿಕದ ಮಕ್ಕಳ ಚಿಂತೆ ಏಕೆಂದು ಮೇಷ್ಟ್ರನ್ನು ಕೇಳಿದವರುಂಟು. ಅವರು ಕೊಡುವ ಉತ್ತರ ಸರಳವಾದುದು: ಅಲ್ಲಿಯ ಅಜ್ಜಿಯನ್ನು ಕಂಡಿದ್ದರಿಂದಲೇ ಇಲ್ಲಿಯ ಅಜ್ಜಿ ತಮ್ಮ ಕಣ್ಣಿಗೆ ಬಿದ್ದದ್ದು. ಶರಣರು ದಾನವೆನ್ನದೆ ದಾಸೋಹವೆಂದರು. ದಾನದಲ್ಲಿ ಕೊಡುವವನ ಕೈ ಮೇಲು. ದಾಸೋಹದಲ್ಲಿ ಕೊಡುವವನೇ ಸೇವಕ. 1941ರಿಂದ ಸಿದ್ಧಗಂಗೆಯ ಹೊಣೆ ಹೊತ್ತು 2019ರ ಜನವರಿಯಲ್ಲಿ ಲಿಂಗೈಕ್ಯರಾದ ಪೂಜ್ಯ ಶಿವಕುಮಾರ ಸ್ವಾಮಿಗಳು ಸಾವಿರಾರು ಬಡಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತರು. ಉಣಬಂದ ಮಗುವಿನ ಜಾತಿಯನ್ನು ಅವರು ಕೇಳಲಿಲ್ಲ. ಹಾಗೆಯೇ ರೋಗವನ್ನೂ ದೇಶವನ್ನೂ ಕೇಳದಿರುವುದು ಆ ದಾರಿಯ ಮುಂದಿನ ಹೆಜ್ಜೆ.

ವಿಶ್ವಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಏಡ್ಸ್‌ನಿಂದ ತಂದೆಯನ್ನೋ ತಾಯಿಯನ್ನೋ ಇಬ್ಬರನ್ನೋ ಕಳೆದುಕೊಂಡ ಮಕ್ಕಳ ಸಂಖ್ಯೆ ಸುಮಾರು 1 ಕೋಟಿ 39 ಲಕ್ಷ. ಅವರಲ್ಲಿ ಬಹುಪಾಲು ಆಫ್ರಿಕದವರು. 2025ರ ಆರಂಭದಲ್ಲಿ ಅಮೆರಿಕ ತನ್ನ ವಿದೇಶೀ ನೆರವನ್ನು ತಡೆಹಿಡಿದಾಗ ಅಲ್ಲಿಯ ಎಷ್ಟೋ ಚಿಕಿತ್ಸಾಲಯಗಳ, ಸೇವಾಸಂಸ್ಥೆಗಳ ಕೆಲಸ ಥಟ್ಟನೆ ನಿಂತಿತು. ದೊಡ್ಡ ಕೊಡುಗೈ ಒಂದು ದಿನದಲ್ಲಿ ಮುಚ್ಚಿಕೊಳ್ಳಬಹುದು. ನೂರು ಸಣ್ಣ ಕೈಗಳು ಒಮ್ಮೆಗೇ ಮುಚ್ಚಿಕೊಳ್ಳುವುದು ಕಷ್ಟ. ಈಗ ಎಂಬತ್ತರ ಹೊಸಿಲಲ್ಲಿರುವ ಮೇಷ್ಟ್ರು ಪ್ರತಿವರ್ಷ ಕಾಫಿ ಮಾರಿದ ಹಣದಲ್ಲಿ ಎರಡು ಲಕೋಟೆಗಳನ್ನು ಎತ್ತಿಡುತ್ತಾರೆ. ಒಂದು ಜಾಂಬಿಯಾದ ಆ ಸಮುದಾಯ ಶಾಲೆಗೆ. ಇನ್ನೊಂದು ಲೈನ್‌ಮನೆಗಳಿಂದ ಆಸ್ಪತ್ರೆಗೆ ಹೋಗುವ ಮಕ್ಕಳ ಬಸ್ ಚಾರ್ಜಿಗೆ.