ನಾಲೆ ಏರಿಯ ಹಾದಿ

ಶ್ರೀರಂಗಪಟ್ಟಣದ ಆಸುಪಾಸಿನಲ್ಲಿ ನಿಧಾನವಾಗಿ ಸೈಕಲ್ ತುಳಿಯುವವರಿಗೆ ಅತ್ಯಂತ ಹಿತವಾದ ದಾರಿಯನ್ನು ಹಾಕಿಕೊಟ್ಟವರು ಗದ್ದೆಗೆ ನೀರು ಹಾಯಿಸಲು ಹೊರಟ ಹಳೆಯ ದೊರೆಗಳು ಮತ್ತು ಅವರ ಮಣ್ಣುಕೆಲಸದವರು. ಕಾವೇರಿಗೆ ಅಡ್ಡಲಾಗಿ ಕಲ್ಲು ಪೇರಿಸಿದ ತಗ್ಗಾದ ಅಣೆಯಿಂದ ನೀರನ್ನು ಪಕ್ಕಕ್ಕೆ ತಿರುಗಿಸಿ, ಅದು ಹೊಳೆಗಿಂತ ತುಸು ಎತ್ತರದಲ್ಲಿಯೇ ಉಳಿಯುವಂತೆ ಇಳಿಜಾರನ್ನು ಹಿಡಿತದಲ್ಲಿಟ್ಟುಕೊಂಡು ಮೈಲಿಗಟ್ಟಲೆ ಒಯ್ಯುವ ಕಾಲುವೆಯನ್ನು ಈ ಸೀಮೆಯವರು ನಾಲೆ ಎನ್ನುತ್ತಾರೆ. ತೋಡಿದ ಮಣ್ಣನ್ನು ದಂಡೆಗೆ ಸುರಿದು ಗಟ್ಟಿಮಾಡಿದ ದಿಬ್ಬವೇ ಏರಿ. ನೀರಿಗೆ ಏರು ಹತ್ತಲು ಬಾರದು, ಹೆಚ್ಚು ಇಳಿಜಾರು ಸಿಕ್ಕಿದರೆ ಧಾವಿಸಿ ದಂಡೆಯನ್ನೇ ಕೊರೆದುಬಿಡುತ್ತದೆ. ಮಂಡಿನೋವಿನ ಸವಾರನ ಸ್ವಭಾವವೂ ಹೆಚ್ಚುಕಡಿಮೆ ಇದೇ ಆಗಿರುವುದರಿಂದ, ನೀರಿಗೆಂದು ಅಳೆದು ಮಾಡಿದ ಸಮ ಅವನ ಕಾಲಿಗೂ ಒಗ್ಗುತ್ತದೆ.

ಇಲ್ಲಿನ ನಾಲೆಗಳಿಗೆ ವಯಸ್ಸಿದೆ. ದ್ವೀಪದೊಳಕ್ಕೆ ನೀರು ತರುವ ಬಂಗಾರದೊಡ್ಡಿ ನಾಲೆ 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದ್ದು; ಎಡದಂಡೆಯ ಚಿಕ್ಕದೇವರಾಯಸಾಗರ ನಾಲೆ ಆ ಶತಮಾನದ ಕೊನೆಯ ಭಾಗದಲ್ಲಿ ಆಳಿದ ಚಿಕ್ಕದೇವರಾಜ ಒಡೆಯರ ಹೆಸರನ್ನು ಹೊತ್ತಿದೆ; ಬಲದಂಡೆಯಲ್ಲಿ ವಿರಿಜಾ ನಾಲೆ ಹರಿಯುತ್ತದೆ. ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯು ಹುಲಿಕೆರೆಯ ಬಳಿ ಅಡ್ಡಬಂದ ಗುಡ್ಡವನ್ನು ಸುರಂಗ ಕೊರೆದು ದಾಟಿದರೆ, ಈ ಹಳೆಯವು ದಿಣ್ಣೆ ಎದುರಾದಾಗ ಅದರ ಸೊಂಟ ಬಳಸಿ ಸುತ್ತುಹಾಕುತ್ತವೆ. ನೇರವಾಗಿ ಹೋದರೆ ಹತ್ತು ನಿಮಿಷಕ್ಕೆ ಸಿಗುವ ಊರು ಏರಿಯ ಮೇಲೆ ಹೋದವನಿಗೆ ಮುಕ್ಕಾಲು ಗಂಟೆಯಾದರೂ ಸಿಗದಿರಬಹುದು. ಅವಸರವಿದ್ದವರಿಗೆ ಹೆದ್ದಾರಿ ಇದ್ದೇ ಇದೆ.

ಕೋಟೆಯಿಂದ ಹೊರಟವನು ಬೆಳಗಿನ ಬಿಸಿಲು ಏರುವ ಮುನ್ನ ವೆಲ್ಲೆಸ್ಲಿ ಸೇತುವೆಯ ಬಳಿ ಸೈಕಲ್ ಒರಗಿಸಿ, ಅದನ್ನು ಕೆಳಗಿನಿಂದ ನೋಡುವುದು ಒಳ್ಳೆಯದು. ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿ ಮುಗಿಸಿದ ಈ ಸೇತುವೆಗೆ ಕಮಾನುಗಳಿಲ್ಲ: ದೇವಾಲಯದ ಮಂಟಪದಲ್ಲಿರುವಂತೆ ಕಲ್ಲುಕಂಬ, ಕಂಬದ ತಲೆಯ ಮೇಲೆ ಎರಡೂ ಕಡೆಗೆ ಚಾಚಿಕೊಂಡು ಭಾರ ಹೊರುವ ಬೋದಿಗೆ, ಬೋದಿಗೆಯ ಮೇಲೆ ಕಲ್ಲುತೊಲೆ. ಹೆಸರು ಗವರ್ನರ್ ಜನರಲ್‌ನದಾದರೂ ಕಟ್ಟಿದ ಕೈಗಳಿಗೆ ಗೊತ್ತಿದ್ದದ್ದು ಗುಡಿಯ ಕೆಲಸವೆಂಬುದು ನೋಡಿದ ಕೂಡಲೇ ತಿಳಿಯುತ್ತದೆ. ಮುಂದೆ ಕಿರಂಗೂರು, ಶ್ರೀರಂಗಪಟ್ಟಣ ದಸರಾದ ಮೆರವಣಿಗೆ ಹೊರಡುವ ಬನ್ನಿಮಂಟಪದ ಊರು. ಅದರಾಚೆ ಲೋಕಪಾವನಿಯು ಕಾವೇರಿಯನ್ನು ಕೂಡುವ ಎಡೆಯಲ್ಲಿ ಕರಿಘಟ್ಟ. ಬೆಟ್ಟದ ಮೇಲಕ್ಕೆ ವಾಹನದ ರಸ್ತೆಯೂ ಇದೆಯಾದರೂ, ಸಮದ ಸುಖ ಹುಡುಕಿ ಬಂದವನು ಸೈಕಲನ್ನು ಕೆಳಗೆ ಬಿಟ್ಟು ಮೆಟ್ಟಿಲು ಹತ್ತುವುದೇ ಲೇಸು. ಮೇಲೆ ನಿಂತಾಗ ಗದ್ದೆಯ ಹಸಿರು ಎಲ್ಲಿ ನಿಂತು ಕುರುಚಲು ಎಲ್ಲಿ ಮೊದಲಾಗುತ್ತದೆಯೋ ಆ ಗೆರೆಯಲ್ಲಿ ನಾಲೆ ಇದೆಯೆಂದು ಊಹಿಸಬಹುದು, ಊಹೆ ಬಹುಮಟ್ಟಿಗೆ ತಪ್ಪುವುದಿಲ್ಲ.

ದ್ವೀಪದ ಪೂರ್ವಕ್ಕಿರುವ ದರಿಯಾ ದೌಲತ್ ಮತ್ತು ಗುಂಬಜ್‌ಗಳನ್ನು ಪ್ರವಾಸಿ ಕೈಪಿಡಿಗಳು ಸಾಕಷ್ಟು ಬಣ್ಣಿಸಿರುವುದರಿಂದ ಅವುಗಳನ್ನು ಇಲ್ಲಿ ದಾಟಿ ಹೋಗಬಹುದು. ಗಂಜಾಂ ಮಾತ್ರ ತುಸು ನಿಲ್ಲಿಸಿಕೊಳ್ಳುತ್ತದೆ. ಟಿಪ್ಪು ಸುಲ್ತಾನ್ ಈ ಪೇಟೆಯನ್ನು ತುಂಬಲು ಶಿರಾದಿಂದ ಸಾವಿರಾರು ಕುಟುಂಬಗಳನ್ನು ಬಲವಂತವಾಗಿ ಕರೆತಂದು ನೆಲೆಗೊಳಿಸಿದನು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಪೇಟೆಯ ಸಡಗರ ಇಳಿದುಹೋಯಿತು.

ಏರಿಯ ಮೇಲಿನ ಸವಾರಿಯ ಸ್ವಾರಸ್ಯವಿರುವುದು ಸಣ್ಣ ಸಂಗತಿಗಳಲ್ಲಿ. ಗದ್ದೆಗೆ ನೀರು ಬಿಡುವ ಕಿಂಡಿಯಾದ ತೂಬಿನ ಬಾಯಿಗೆ ಯಾರೋ ಬಾಳೆದಿಂಡು ಮತ್ತು ಹಳೆಯ ಗೋಣಿಚೀಲ ತುರುಕಿರುತ್ತಾರೆ. ಅದರ ಸಂದಿನಿಂದ ಜಿನುಗಿದ ನೀರಿನಲ್ಲಿ ಬೆರಳುದ್ದದ ಮೀನುಮರಿ ಪಟಪಟನೆ ಬಡಿದುಕೊಳ್ಳುತ್ತಿದ್ದರೆ, ಮೇಲಿನ ತಂತಿಯಲ್ಲಿ ಕುಳಿತ ಮಿಂಚುಳ್ಳಿ ಸೈಕಲ್ಲಿನ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ನೀರಿಗಿಳಿಯುವ ಮೆಟ್ಟಿಲುಗಳಾದ ಸೋಪಾನಕಟ್ಟೆಯಲ್ಲಿ ಬಟ್ಟೆ ಒಗೆಯುವವರ ಸದ್ದು ತಿರುವಿನಾಚೆಯಿಂದಲೇ ಕೇಳಿಸುತ್ತದೆ. ನಾಲೆಗಳಿಗೆ ಈಚೆಗೆ ಹಾಕುತ್ತಿರುವ ಕಾಂಕ್ರೀಟ್ ಹೊದಿಕೆಯಿಂದ ಸೋರಿಕೆ ತಗ್ಗಿ ಕೊನೆಯ ಗದ್ದೆಗೂ ನೀರು ಮುಟ್ಟಿದರೆ ರೈತರಿಗೆ ಲಾಭವೇ ಸರಿ; ಆದರೆ ಅಂಥ ಕಡೆ ದಂಡೆಯ ಹುಲ್ಲೂ ಏಡಿಯ ಬಿಲವೂ ಇಲ್ಲವಾಗಿ, ಸವಾರನ ಪಾಲಿಗೆ ಉಳಿಯುವುದು ಬಿಳಿಯ ಝಳವೊಂದೇ.

ಪಾಲಹಳ್ಳಿಯಲ್ಲಿ 19ನೆಯ ಶತಮಾನದಲ್ಲಿ ಬೆಲ್ಲವನ್ನು ಶುದ್ಧಿಮಾಡಿ ಸಕ್ಕರೆ ತೆಗೆಯುವ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ನಡೆಯುತ್ತಿತ್ತು. ಇಂದು ಈ ಸೀಮೆಯಲ್ಲಿ ಸೈಕಲ್ಲನ್ನು ನಿಲ್ಲಿಸುವುದು ಆಲೆಮನೆಯ, ಎಂದರೆ ಕಬ್ಬು ಅರೆದು ಬೆಲ್ಲ ಮಾಡುವ ಚಪ್ಪರದ, ವಾಸನೆ. ಗಾಣದಲ್ಲಿ ಹಿಂಡಿ ಒಣಗಿಸಿದ ಕಬ್ಬಿನ ಸಿಪ್ಪೆಗೆ ರಚ್ಚು ಎಂದು ಹೆಸರು; ಅದನ್ನೇ ಒಲೆಗೆ ತಳ್ಳಿ, ಕೊಪ್ಪರಿಗೆಯಲ್ಲಿ ಕುದಿಯುವ ಹಾಲಿಗೆ (ಇಲ್ಲಿ ಹಾಲೆಂದರೆ ಕಬ್ಬಿನದು) ಬೆಂಡೆಗಿಡದ ಲೋಳೆ ಬೆರೆಸಿದಾಗ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ಜಾಲರಿಯಿಂದ ತೆಗೆದು ಚೆಲ್ಲುತ್ತಾರೆ. ಪಾಕ ಹದಕ್ಕೆ ಬಂತೇ ಎಂದು ನೋಡಲು ನೀರಿಗೆ ಹಾಕಿ ಉಂಡೆ ಕಟ್ಟಿದ ಚೂರು ಒಮ್ಮೊಮ್ಮೆ ನೋಡುತ್ತ ನಿಂತವನ ಅಂಗೈಗೂ ಬೀಳುವುದುಂಟು.

ಸಂಜೆಯ ಹೊತ್ತಿಗೆ ರಂಗನತಿಟ್ಟಿಗೆ ಬಂದರೆ ದಾರಿ ಸರಿಯಾಗಿ ಮುಗಿಯುತ್ತದೆ. ಪಕ್ಷಿವಿಜ್ಞಾನಿ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ರಾಮ್‌ಸರ್ ಜೌಗುತಾಣಗಳ ಪಟ್ಟಿಗೆ ಸೇರಿದ ಈ ನಡುಗಡ್ಡೆಗಳೂ ನಾಲೆ ತೋಡಿದವರ ಕಾಲದವೇ. 1645ರಿಂದ 1648ರ ನಡುವೆ ಹೊಳೆಗೆ ಕಟ್ಟಿದ ಅಣೆಯ ಹಿಂದೆ ನೀರು ನಿಂತು, ಮುಳುಗದೆ ಉಳಿದ ನೆಲ ತಿಟ್ಟುಗಳಾಯಿತು. ಗೂಡುಕಟ್ಟುವ ತಿಂಗಳುಗಳಲ್ಲಿ ಬಣ್ಣದ ಕೊಕ್ಕರೆ ಉದ್ದನೆಯ ಕಡ್ಡಿಯೊಂದನ್ನು ಅಡ್ಡಡ್ಡಲಾಗಿ ಕಚ್ಚಿಕೊಂಡು ಗದ್ದೆಗಳ ಮೇಲಿಂದ ಮೆಲ್ಲಗೆ ಹಾರಿಬರುತ್ತದೆ, ಮರದಲ್ಲಿ ಕಾಯುವ ಜೋಡಿ ಕತ್ತು ಚಾಚಿ ಅದನ್ನು ಈಸಿಕೊಳ್ಳುತ್ತದೆ, ಬಂದದ್ದು ರೆಕ್ಕೆ ಮಡಚದೆಯೇ ಇನ್ನೊಂದು ಕಡ್ಡಿಗೆಂದು ಮತ್ತೆ ದಂಡೆಯ ಕಡೆ ಹೊರಡುತ್ತದೆ.