ತೊಂಬತ್ತು ದಿನದ ಬಾಣಂತನ

ಥೈಲ್ಯಾಂಡ್ ಅಂದ ತಕ್ಷಣ ನಮ್ಮ ಕ್ಲಾಸಿನಲ್ಲಿ ಎಲ್ಲರಿಗೂ ಬೀಚ್ ನೆನಪಾಗುತ್ತೆ. ಗೋವಾ ಟ್ರಿಪ್ ಕ್ಯಾನ್ಸಲ್ ಆದಾಗಲೆಲ್ಲ ಯಾರಾದರೂ ಒಬ್ಬರು "ಬಿಡ್ರೋ, ಡೈರೆಕ್ಟಾಗಿ ಪಟ್ಟಾಯಕ್ಕೇ ಹೋಗೋಣ" ಅಂತಾರೆ. ನಮ್ಮ ಮನೆಯಲ್ಲಿ ಮಾತ್ರ ಆ ದೇಶದ ಹೆಸರು ಬಂದರೆ ನೆನಪಾಗುವುದು ಅಂಟಿನುಂಡೆ, ಬಾಣಂತಿ ಖಾರದ ಪುಡಿ ಮತ್ತು ಟಿಎಂ.7 ಅನ್ನೋ ಒಂದು ಅರ್ಜಿ.

ಅಕ್ಕ ಮತ್ತು ಭಾವ ಬ್ಯಾಂಕಾಕ್‌ನಲ್ಲಿದ್ದಾರೆ. ಭಾವ ಅಲ್ಲಿ ಕೆಲಸ ಮಾಡ್ತಾರೆ, ಅಕ್ಕ ಅವರ ಅವಲಂಬಿತಳಾಗಿ ಬೇರೆ ವೀಸಾದಲ್ಲಿ ಇದ್ದಾಳೆ. 2025ರ ಮೇ ಕೊನೆಯಲ್ಲಿ ಅಕ್ಕನಿಗೆ ಹೆರಿಗೆ ಅಂತ ಡಾಕ್ಟರ್ ದಿನ ಕೊಟ್ಟಿದ್ದರು. ಅಮ್ಮ ಬಾಣಂತನಕ್ಕೆ ಹೋಗೋದು, ಹಾಸನದ ಮನೆಯನ್ನು ನಾವು ನೋಡಿಕೊಳ್ಳೋದು ಅಂತ ತೀರ್ಮಾನವಾಯ್ತು. ನಾವು ಅಂದರೆ ಅಪ್ಪ ಮತ್ತು ಈ ಬರಹ ಬರೆಯುತ್ತಿರುವ ಎರಡನೇ ವರ್ಷದ ವಿದ್ಯಾರ್ಥಿ. ಅನ್ನ ಮಾಡೋದು ಅಪ್ಪನ ಪಾಲಿಗೆ, ವೀಸಾ ಓದೋದು ಎಂಜಿನಿಯರಿಂಗ್ ಓದೋರ ಪಾಲಿಗೆ ಬಂತು.

ಓದೋಕೆ ಹೆಚ್ಚೇನೂ ಇಲ್ಲ ಅಂತಲೇ ಮೊದಲು ಅನಿಸಿತ್ತು. 2024ರ ಜುಲೈ 15ರಿಂದ ಭಾರತೀಯರಿಗೆ ಥೈಲ್ಯಾಂಡಿನಲ್ಲಿ ವೀಸಾ ಇಲ್ಲದೆಯೇ 60 ದಿನ ಇರೋಕೆ ಅವಕಾಶ ಸಿಕ್ಕಿತ್ತು. ಅದಕ್ಕೂ ಮುಂಚೆ 30 ದಿನ ಇತ್ತು. ಮೇ 10ಕ್ಕೆ ಹೋಗೋದು, ಜುಲೈ 5ಕ್ಕೆ ವಾಪಸ್. ಮಗು ಹುಟ್ಟಿ ಹೆಚ್ಚು ಕಮ್ಮಿ ನಲವತ್ತು ದಿನ ಆಗಿರುತ್ತೆ, ಅಷ್ಟು ಹೊತ್ತಿಗೆ ಅಕ್ಕ ಎದ್ದು ಓಡಾಡ್ತಾಳೆ ಅಂತ ಲೆಕ್ಕ. 2025ರ ಮೇ 1ರಿಂದ ಹೊಸದಾಗಿ ಬಂದಿದ್ದ ಡಿಜಿಟಲ್ ಅರೈವಲ್ ಕಾರ್ಡನ್ನು ಹೊರಡುವ ಮೂರು ದಿನದ ಒಳಗೆ ತುಂಬಿ ಕೊಟ್ಟೆವು. ಅಮ್ಮನಿಗೆ ಏರ್‌ಪೋರ್ಟಿನ ಹೆಸರು ಸುವರ್ಣಭೂಮಿ ಅಂತ ಕೇಳಿಯೇ ಅರ್ಧ ಧೈರ್ಯ ಬಂತು. "ನಮ್ಮ ಹೆಸರೇ ಅಲ್ವೇನೋ" ಅಂದರು.

ಅಮ್ಮನ ಪಾಸ್‌ಪೋರ್ಟಿನಲ್ಲಿ ಬಿದ್ದ ಮುದ್ರೆಯ ಫೋಟೋ ವಾಟ್ಸಾಪಿನಲ್ಲಿ ಬಂದಾಗ ಮೊದಲ ಪಾಠ ಆಯ್ತು. ಅದರಲ್ಲಿ ಜುಲೈ 8ರವರೆಗೆ ಅಂತ ಇತ್ತು. ಅಪ್ಪ ಬೆರಳು ಮಡಚಿ ಎಣಿಸಿ "ಜುಲೈ 9 ಆಗಬೇಕಿತ್ತಲ್ಲ" ಅಂದರು. ಇಳಿದ ದಿನವೇ ಒಂದನೇ ದಿನ, ಅದಕ್ಕೇ 8. ಹಾಸ್ಟೆಲ್‌ನವರಿಗೆ ಅರ್ಥವಾಗೋ ಹಾಗೆ ಹೇಳಬೇಕು ಅಂದರೆ, ವೀಸಾ ಅಥವಾ ವೀಸಾ ವಿನಾಯಿತಿ ಅನ್ನೋದು ಗೇಟಿನ ತನಕ ಕರೆದುಕೊಂಡು ಹೋಗುತ್ತೆ ಅಷ್ಟೇ. ಒಳಗೆ ಎಷ್ಟು ದಿನ ಇರಬಹುದು ಅನ್ನೋದು ಗೇಟಿನಲ್ಲಿ ಹೊಡೆದ ಮುದ್ರೆಯ ಮೇಲಿರುತ್ತೆ. ಔಟ್‌ಪಾಸಿನಲ್ಲಿ ವಾರ್ಡನ್ ಬರೆದ ಟೈಮ್ ಇದ್ದ ಹಾಗೆ. ಆಮೇಲೆ ಏನೇ ಲೆಕ್ಕ ಹಾಕಿದರೂ ಆ ತಾರೀಖಿನಿಂದಲೇ.

ಮಗು ಮೇ 31ಕ್ಕೆ ಸಿಸೇರಿಯನ್ ಆಗಿ ಹುಟ್ಟಿತು. ಹೆಣ್ಣು. ಕಾಮಾಲೆ ಜಾಸ್ತಿ ಇದೆ ಅಂತ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಮನೆಗೆ ಬಂದ ಮೇಲೆ ಅಕ್ಕನ ಹೊಲಿಗೆಗೆ ಸೋಂಕಾಗಿ ಮತ್ತೆ ಆಸ್ಪತ್ರೆ. ಜೂನ್ ಮಧ್ಯದಲ್ಲಿ ಅಮ್ಮ ಒಂದು ರಾತ್ರಿ ಫೋನ್ ಮಾಡಿ "ಐದಕ್ಕೆ ಬರೋಕೆ ಆಗಲ್ಲ ಕಣೋ. ಇವಳಿಗೆ ಕೂತ್ಕೊಂಡು ಹಾಲು ಕುಡಿಸೋಕೂ ಆಗ್ತಿಲ್ಲ. ಮೂರು ತಿಂಗಳಾದ್ರೂ ಬೇಕು" ಅಂದರು.

ನಮ್ಮ ಕಡೆ ಬಾಣಂತನ ಅಂದರೆ ಮೂರು ತಿಂಗಳೇ. ಆದರೆ ಮುದ್ರೆಗೆ ಅದು ಗೊತ್ತಿಲ್ಲ.

ಇಲ್ಲಿಂದ ನಮ್ಮ ಓದು ನಿಜವಾಗಿ ಶುರುವಾಯ್ತು. ಇಂಟರ್ನಲ್ಸ್‌ಗೆ ಓದಬೇಕಾದ ಹೊತ್ತಿನಲ್ಲಿ ಲ್ಯಾಪ್‌ಟಾಪಿನಲ್ಲಿ ಇಮಿಗ್ರೇಶನ್ ನಿಯಮ ತೆರೆದಿರುತ್ತಿತ್ತು, ಪಕ್ಕದಲ್ಲಿ ಅಪ್ಪ ಕನ್ನಡಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಪ್ಲಾನ್ ಬದಲಾದವರಿಗೆ ಯಾವ ಯಾವ ಬಾಗಿಲಿದೆ ಅಂತ ಒಂದೊಂದಾಗಿ ತಟ್ಟಿ ನೋಡಿದೆವು.

ಥೈಲ್ಯಾಂಡಿನಲ್ಲಿ ಮಗಳನ್ನೋ ಗಂಡನನ್ನೋ ನೋಡೋಕೆ ಬಂದವರಿಗೆ 60 ದಿನ ಹೆಚ್ಚಿಸುವ ದಾರಿ ಒಂದಿದೆ. ಆದರೆ ಆ ಮಗಳು ಥಾಯ್ ಪ್ರಜೆ ಆಗಿರಬೇಕು. ಅಕ್ಕ ಅಲ್ಲ. ಮೊಮ್ಮಗಳು ಅಲ್ಲೇ ಹುಟ್ಟಿದವಳಲ್ವಾ ಅಂತ ಅಪ್ಪನಿಗೆ ಆಸೆ ಹುಟ್ಟಿತು. ತಾತ್ಕಾಲಿಕವಾಗಿ ಬಂದಿರುವ ವಿದೇಶಿ ಅಪ್ಪ ಅಮ್ಮನಿಗೆ ಅಲ್ಲಿ ಹುಟ್ಟಿದ ಮಗುವಿಗೆ ಥಾಯ್ ಪೌರತ್ವ ಬರಲ್ಲ. ಆ ಬಾಗಿಲೂ ಮುಚ್ಚಿತು. 50 ವರ್ಷ ದಾಟಿದವರಿಗೆ ನಿವೃತ್ತಿ ವೀಸಾ ಇದೆ, ಅಮ್ಮನಿಗೆ 52. ವಯಸ್ಸು ಸರಿಹೋಯ್ತು. ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡಬೇಕು ಅಂತ ಮುಂದಿನ ಸಾಲಿನಲ್ಲಿತ್ತು. ಅಪ್ಪ ಸುಮ್ಮನೆ ಪುಟ ತಿರುಗಿಸಿದರು.

ಆ ನಡುವೆ ಪರಿಚಯದವರ ಮೂಲಕ ಒಬ್ಬ ಏಜೆಂಟ್ ಫೋನಿಗೆ ಸಿಕ್ಕಿದ. ತುಂಬ ಸುಲಭವಾಗಿ ಹೇಳಿದ: "ಸುಮ್ನೆ ಇರಿಸ್ಕೊಳ್ಳಿ ಸಾರ್. ದಿನಕ್ಕೆ 500 ಬಾತ್ ಫೈನ್, ಎಷ್ಟೇ ದಿನ ಆದ್ರೂ 20,000ಕ್ಕಿಂತ ಜಾಸ್ತಿ ಇಲ್ಲ. ಹೊರಡುವಾಗ ಏರ್‌ಪೋರ್ಟಲ್ಲಿ ಕಟ್ಟಿದ್ರೆ ಮುಗೀತು." ಅಂಕಿ ಸುಳ್ಳಲ್ಲ, ದಂಡ ಇರೋದೇ ಅಷ್ಟು. ಅವನು ಹೇಳದೆ ಬಿಟ್ಟಿದ್ದು ಉಳಿದ ಅರ್ಧ. ಅವಧಿ ಮುಗಿದ ಮೇಲೆ ತಾವಾಗಿ ಏರ್‌ಪೋರ್ಟಿಗೆ ಬಂದವರಿಗೂ, ನಡುವೆ ಎಲ್ಲೋ ಸಿಕ್ಕಿಬಿದ್ದವರಿಗೂ ನಿಯಮ ಬೇರೆ ಬೇರೆ. ಸಿಕ್ಕಿಬಿದ್ದರೆ ಒಂದು ವರ್ಷಕ್ಕಿಂತ ಕಡಿಮೆ ಮೀರಿದ್ದರೂ 5 ವರ್ಷ ಆ ದೇಶಕ್ಕೆ ಕಾಲಿಡೋ ಹಾಗಿಲ್ಲ. ಮಗುವಿಗೆ ಡ್ರಾಪ್ಸ್ ತರೋಕೆ ಮೆಡಿಕಲ್ ಶಾಪಿಗೆ ಹೋದಾಗ ಯಾರಾದರೂ ಪಾಸ್‌ಪೋರ್ಟ್ ಕೇಳಿಬಿಟ್ಟರೆ, ಮೊಮ್ಮಗಳ ಐದನೇ ಹುಟ್ಟುಹಬ್ಬದ ತನಕ ಅಜ್ಜಿ ಅಲ್ಲಿಗೆ ಹೋಗೋ ಹಾಗಿಲ್ಲ. ಅಪ್ಪ ಏಜೆಂಟನಿಗೆ "ಆಯ್ತಪ್ಪ, ಹೇಳ್ತೀವಿ" ಅಂತ ಮರ್ಯಾದೆಯಾಗಿ ಫೋನ್ ಇಟ್ಟರು. ಮತ್ತೆ ಮಾಡಲಿಲ್ಲ.

ಕೊನೆಗೆ ತೆರೆದಿದ್ದ ಬಾಗಿಲು ಒಂದೇ. ಅವಧಿ ಮುಗಿಯೋ ಮುಂಚೆ ಇಮಿಗ್ರೇಶನ್ ಕಚೇರಿಗೆ ಹೋಗಿ ಟಿಎಂ.7 ತುಂಬಿ 1,900 ಬಾತ್ ಕಟ್ಟಿದರೆ 30 ದಿನ ಹೆಚ್ಚಿಗೆ ಸಿಗಬಹುದು. ಸಿಕ್ಕೇ ಸಿಗುತ್ತೆ ಅಂತಿಲ್ಲ, ಅಧಿಕಾರಿಯ ವಿವೇಚನೆ. ಜುಲೈ 8ರವರೆಗೆ ಕಾಯೋದೂ ಬೇಡ ಅಂತ ನಾವು ಹಟ ಹಿಡಿದೆವು.

ಅರ್ಜಿಗೆ ಮುಂಚೆ ಇನ್ನೊಂದು ಗಂಟು ಬಂತು. ವಿದೇಶಿಯೊಬ್ಬರು ಮನೆಗೆ ಬಂದರೆ ಮನೆಯ ಮಾಲೀಕ 24 ಗಂಟೆಯೊಳಗೆ ಇಮಿಗ್ರೇಶನ್‌ಗೆ ತಿಳಿಸಬೇಕು. ಅದಕ್ಕೆ ಟಿಎಂ.30 ಅಂತಾರೆ. ಅಕ್ಕನ ಫ್ಲ್ಯಾಟಿನ ಮಾಲೀಕರು ಅಮ್ಮನ ಬಗ್ಗೆ ತಿಳಿಸಿರಲೇ ಇಲ್ಲ. ಆ ರಸೀದಿ ಇಲ್ಲದೆ ಅರ್ಜಿ ಮುಂದಕ್ಕೆ ಹೋಗಲ್ಲ. ಭಾವ ಎರಡು ದಿನ ಅವರ ಹಿಂದೆ ಬಿದ್ದು ಆ ಕೆಲಸ ಮಾಡಿಸಿದರು. ವಿಚಿತ್ರ ನೋಡಿ, ಇಡೀ ಬಾಣಂತನ ಒಬ್ಬ ಅಪರಿಚಿತರು ತುಂಬಬೇಕಾದ ಫಾರಂ ಮೇಲೆ ನಿಂತಿತ್ತು.

ಜೂನ್ 24ಕ್ಕೆ ಅಮ್ಮ, ಭಾವ ಚೇಂಗ್ ವತ್ತನಾದ ಸರ್ಕಾರಿ ಸಂಕೀರ್ಣಕ್ಕೆ ಹೋದರು. ನಮ್ಮ ವಿಧಾನಸೌಧ, ಎಂಎಸ್ ಬಿಲ್ಡಿಂಗ್ ಎಲ್ಲಾ ಒಂದೇ ಸೂರಿನಡಿ ತುರುಕಿದ ಹಾಗಿದೆಯಂತೆ. ಟೋಕನ್ ತಗೊಂಡು ಕೂತಿದ್ದಾಗ ಮಧ್ಯಾಹ್ನ ಊಟದ ವಿರಾಮ. ಅಮ್ಮ ಚಪಾತಿ ಡಬ್ಬಿ ತೆಗೆದರು. ಅರ್ಜಿಯಲ್ಲಿ ಕಾರಣ ಅನ್ನೋ ಕಡೆ ಒಂದೇ ಒಂದು ಗೆರೆ ಜಾಗ. "ಬಾಣಂತನ ಅಂತ ಬರೀರಿ" ಅಂದರಂತೆ ಅಮ್ಮ. ಅದನ್ನು ಇಂಗ್ಲಿಷಿನಲ್ಲಿ ಏನಂತ ಬರೆಯೋದು ಅಂತ ಭಾವ ಅಲ್ಲಿಂದಲೇ ನಮಗೆ ಮೆಸೇಜ್ ಮಾಡಿದರು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಓದಿದವರಿಗೂ ಹೊಳೆಯಲಿಲ್ಲ. ಹೆರಿಗೆಯ ನಂತರದ ಆರೈಕೆ ಅಂದರೆ ನರ್ಸ್ ಮಾಡೋ ಕೆಲಸದ ಹಾಗೆ ಕೇಳಿಸುತ್ತೆ. ಎಣ್ಣೆ ಹಚ್ಚಿ ನೀರೆರೆಯೋದು, ಕಿವಿಗೆ ಹತ್ತಿ, ಸಾಂಬ್ರಾಣಿ ಹೊಗೆ, ಮಗಳು ಅತ್ತರೆ ಪಕ್ಕ ಕೂರೋದು, ಇದೆಲ್ಲ ಅದರಲ್ಲಿ ಬರಲ್ಲ. ಕೊನೆಗೆ ಮಗಳು ಮತ್ತು ಮೊಮ್ಮಗುವಿನ ಜೊತೆ ಇರಲು ಅಂತ ಬರೆದು, ಆಸ್ಪತ್ರೆಯ ಪತ್ರದ ನಕಲು ಸೇರಿಸಿ ಕೊಟ್ಟರು. ಸಂಜೆಯ ಒಳಗೆ ಹೊಸ ಮುದ್ರೆ ಬಿತ್ತು. ಆಗಸ್ಟ್ 7.

60 ಮತ್ತು 30, ಒಟ್ಟು 90. ಕರೆಕ್ಟಾಗಿ ಮೂರು ತಿಂಗಳು. ಅಪ್ಪ ಕ್ಯಾಲೆಂಡರಿನಲ್ಲಿ ಕೆಂಪು ಗುಂಡಿ ಹಾಕಿದರು.

ಥಾಯ್ ಜನಕ್ಕೂ ಬಾಣಂತನ ಗೊತ್ತಿದೆ ಅನ್ನೋದು ಆಗ ತಿಳಿದ ಸಂಗತಿ. ಯೂ ಫೈ ಅಂತಾರೆ, ಅಂದರೆ ಬೆಂಕಿಯ ಹತ್ತಿರ ಇರೋದು. ಬಾಣಂತಿಯನ್ನು ಬೆಚ್ಚಗಿಡೋದು, ಬಿಸಿನೀರು, ಗಿಡಮೂಲಿಕೆಯ ಶಾಖ, ತಣ್ಣನೆಯದು ತಿನ್ನಬಾರದು ಅನ್ನೋ ಪಥ್ಯ, ಎಲ್ಲ ನಮ್ಮ ಹಾಗೇ. ಎದುರು ಫ್ಲ್ಯಾಟಿನ ಅಜ್ಜಿಗೆ ಅಮ್ಮನ ಒಂದು ಮಾತೂ ಅರ್ಥವಾಗದಿದ್ದರೂ ಸಾಂಬ್ರಾಣಿ ವಾಸನೆ ಬಂದ ದಿನ ಬಾಗಿಲು ತಟ್ಟಿ ಒಂದು ಹಿಡಿ ಶುಂಠಿ ಕೊಟ್ಟು ಹೋದರಂತೆ.

ಮಗುವಿನ ಜನನ ಪತ್ರ ಪೂರ್ತಿ ಥಾಯ್ ಭಾಷೆಯಲ್ಲಿ. ಹುಟ್ಟಿದ ವರ್ಷ 2568. ಅಲ್ಲಿ ಬೌದ್ಧ ಶಕೆ, ನಮ್ಮ ಇಸವಿಗೆ 543 ಸೇರಿಸಬೇಕು. "ನಿನ್ನ ಸೊಸೆ ಭವಿಷ್ಯದಲ್ಲಿ ಹುಟ್ಟಿದ್ದಾಳೆ" ಅಂತ ಅಕ್ಕ ಬಹಳ ದಿನದ ಮೇಲೆ ನಕ್ಕಳು. ಆ ಪತ್ರದ ಅನುವಾದ, ಅದಕ್ಕೆ ದೃಢೀಕರಣ, ಆಮೇಲೆ ಭಾರತೀಯ ರಾಯಭಾರ ಕಚೇರಿಯಲ್ಲಿ ಜನನ ನೋಂದಣಿ, ಆಮೇಲೆ ಪಾಸ್‌ಪೋರ್ಟ್. ಒಂದೊಂದು ಮೆಟ್ಟಿಲಿಗೂ ದಿನಗಳು ಹಿಡಿಯುತ್ತವೆ.

ಜುಲೈ 17ಕ್ಕೆ ಹೊಳೆನರಸೀಪುರದಲ್ಲಿ ಅಜ್ಜನಿಗೆ ಪಾರ್ಶ್ವವಾಯು ಆಯ್ತು. ಅಮ್ಮನ ಅಪ್ಪ. ಮಾತು ಹೋಗಿತ್ತು, ಎಡಗೈ ಆಡುತ್ತಿತ್ತು. ಅಮ್ಮನಿಗೆ ಫೋನ್ ಮಾಡೋದಕ್ಕೂ ಮುಂಚೆ ಅಪ್ಪ ಕೇಳಿದ ಪ್ರಶ್ನೆ "ಈಗ ಬಂದ್ರೆ ವಾಪಸ್ ಹೋಗೋಕೆ ಆಗುತ್ತಾ?" ಅಂತ. ಸಾವು ಬದುಕಿನ ಹೊತ್ತಿನಲ್ಲಿ ಇಂಥ ಪ್ರಶ್ನೆ ಕೇಳಬೇಕಾಯ್ತಲ್ಲ ಅಂತ ಇಬ್ಬರಿಗೂ ಒಂದು ಥರ ಆಯ್ತು, ಆದರೆ ಕೇಳಲೇಬೇಕಿತ್ತು.

ಉತ್ತರ ಹೀಗಿತ್ತು. ಅಮ್ಮ ದೇಶ ಬಿಟ್ಟ ಕ್ಷಣ ಉಳಿದ 20 ದಿನವೂ ಹೋಯ್ತು. ಹೆಚ್ಚಿಸಿಕೊಂಡ ಅವಧಿ ರೀ-ಎಂಟ್ರಿ ಪರ್ಮಿಟ್ ಇಲ್ಲದೆ ಹೊರಗೆ ಹೋದರೆ ರದ್ದಾಗುತ್ತೆ. ಅಮ್ಮನ ಮಟ್ಟಿಗೆ ಅದು ದೊಡ್ಡ ನಷ್ಟ ಅಲ್ಲ, ಮತ್ತೆ ವಿಮಾನದಲ್ಲಿ ಹೋದರೆ ಹೊಸದಾಗಿ 60 ದಿನ ಕೇಳಬಹುದು. ಆದರೆ ಬೆನ್ನು ಬೆನ್ನಿಗೆ ಬಂದವರನ್ನು ಯಾಕೆ ಬಂದ್ರಿ ಅಂತ ವಿಚಾರಿಸುತ್ತಾರೆ, ಒಳಗೆ ಬಿಡದೆಯೂ ಇರಬಹುದು.

ಅಕ್ಕನದು ಬೇರೆ ಕಥೆ. ಅವಳಿಗಿದ್ದದ್ದು ವರ್ಷದ ಅನುಮತಿ. ರೀ-ಎಂಟ್ರಿ ಪರ್ಮಿಟ್ ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲಕ್ಕಾದರೂ ಆಗುವಂಥದ್ದು 3,800. ಸುವರ್ಣಭೂಮಿಯಲ್ಲೇ ಹೊರಡುವಾಗ ಮಾಡಿಸಬಹುದು. ಅಂದರೆ ಅಕ್ಕ ಬರಬಹುದಿತ್ತು. ಪಾಪುವಿಗೆ ಇನ್ನೂ ಪಾಸ್‌ಪೋರ್ಟ್ ಬಂದಿರಲಿಲ್ಲ. ಏಳು ವಾರದ ಎದೆಹಾಲು ಕುಡಿಯೋ ಮಗು. ಅಕ್ಕ ಬರಲಿಲ್ಲ.

ಅಮ್ಮ ಜುಲೈ 18ರ ರಾತ್ರಿ ಹೊರಟರು. ಅಜ್ಜ ಅವರನ್ನು ಗುರುತು ಹಿಡಿದರು. ಅಮ್ಮ ಫೋನಿನಲ್ಲಿ ಮರಿಮೊಮ್ಮಗಳ ವಿಡಿಯೋ ತೋರಿಸಿದಾಗ ಎಡಗೈಯಲ್ಲಿ ಪರದೆ ಮುಟ್ಟಿದರು, ಅದು ಪಾಸ್ ಆಗಿ ಚಿತ್ರ ನಿಂತುಬಿಟ್ಟಿತು. ಹಾಗೇ ನೋಡುತ್ತಿದ್ದರು. 22ಕ್ಕೆ ತೀರಿಕೊಂಡರು. ಅಕ್ಕ ವಿಡಿಯೋ ಕಾಲಿನಲ್ಲಿ ನೋಡಿದಳು. ಅವಳ ಕಡೆ ಮೈಕ್ ಆಫ್ ಮಾಡಿದ್ದಳು.

ಕಾರ್ಯ ಎಲ್ಲ ಮುಗಿಸಿ ಅಮ್ಮ ಆಗಸ್ಟ್ 9ಕ್ಕೆ ಮತ್ತೆ ಹೊರಟಾಗ ನಾವು ಒಂದು ಫೈಲ್ ಮಾಡಿ ಕೊಟ್ಟೆವು. ವಾಪಸ್ ಟಿಕೆಟ್, ಅಕ್ಕನ ಪಾಸ್‌ಪೋರ್ಟ್ ನಕಲು, ಮಗುವಿನ ಜನನ ಪತ್ರ ಮತ್ತು ಅನುವಾದ, ಅಜ್ಜನ ಮರಣ ಪ್ರಮಾಣಪತ್ರ. ಹುಟ್ಟಿದ ಪತ್ರ, ಸತ್ತ ಪತ್ರ ಎರಡೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ. ಕೌಂಟರಿನಲ್ಲಿದ್ದ ಹುಡುಗಿ ಹಳೆಯ ಮುದ್ರೆಗಳನ್ನು ನೋಡಿ ಏನೋ ಕೇಳಿದಳಂತೆ. ಅಮ್ಮನಿಗೆ ಗೊತ್ತಿದ್ದ ಥಾಯ್ ಎರಡೇ ಪದ, ಯೂ ಫೈ ಅಂದರು. ಅವಳು ಫೈಲ್ ತಿರುವಿ ನೋಡಿ ಮುದ್ರೆ ಹೊಡೆದಳು. ಸೆಪ್ಟೆಂಬರಿನಲ್ಲಿ ಪಾಪುವಿನ ಪಾಸ್‌ಪೋರ್ಟ್ ಬಂತು. ಭಾವ ಅವಳ ಕಾಗದವನ್ನೂ ಸರಿಮಾಡಿಸಿ, ಅಕ್ಕನಿಗೆ ರೀ-ಎಂಟ್ರಿ ಮಾಡಿಸಿ, ಮೂವರನ್ನೂ ನಾಮಕರಣಕ್ಕೆ ಕಳಿಸಿಕೊಟ್ಟರು.

ಇಷ್ಟೆಲ್ಲ ಬರೆಯೋಕೆ ಕಾರಣ ಇದೆ. ನಮ್ಮ ಕಾಲೇಜಿನಿಂದ ಪ್ರತಿ ವರ್ಷ ಎಷ್ಟೋ ಜನ ಹೊರದೇಶಕ್ಕೆ ಹೋಗ್ತಾರೆ. ಎಲ್ಲರೂ ತಮ್ಮ ವೀಸಾ ಬಾಯಿಪಾಠ ಮಾಡ್ಕೊಂಡಿರ್ತಾರೆ. ನಮ್ಮ ಹಿಂದೆ ಯಾವತ್ತೋ ಒಂದು ದಿನ ಅಮ್ಮನೋ ಅಪ್ಪನೋ ಬರ್ತಾರಲ್ಲ, ಅವರ ವೀಸಾ ಯಾರೂ ಓದಿರಲ್ಲ. ನಿಯಮ ಕಟುವಾಗಿದೆ ಅಂತ ನಮಗೆ ಅನಿಸಲಿಲ್ಲ. ಅದಕ್ಕೆ ದಿನ ಎಣಿಸೋಕೆ ಬರುತ್ತೆ ಅಷ್ಟೇ. ಮಗು ಯಾವಾಗ ಹುಟ್ಟುತ್ತೆ, ಅಜ್ಜ ಯಾವಾಗ ಬೀಳ್ತಾರೆ ಅನ್ನೋದು ಅದರ ಕಾಲಮ್ಮಿನಲ್ಲಿಲ್ಲ. ನಮ್ಮ ಪ್ಲಾನ್ ಬದಲಾದರೆ ವೀಸಾ ತಾನಾಗಿ ಬದಲಾಗಲ್ಲ, ನಾವೇ ಹೋಗಿ, ತಾರೀಖು ಮುಗಿಯೋ ಮುಂಚೆ, ಅದರ ಭಾಷೆಯಲ್ಲಿ ಹೇಳಬೇಕು.

ಹಾಗಾಗಿ ಗೆಳೆಯರೇ, ಇಷ್ಟು ನೆನಪಿಡಿ. ಮುದ್ರೆಯ ಫೋಟೋ ಅವತ್ತೇ ತರಿಸಿಕೊಳ್ಳಿ, ಇಳಿದ ದಿನವನ್ನೂ ಸೇರಿಸಿ ಎಣಿಸಿ. ಮನೆ ಮಾಲೀಕರು ತಿಳಿಸಿದ್ದಾರಾ ಅಂತ ಮೊದಲ ವಾರವೇ ಕೇಳಿ. ನಡುವೆ ಊರಿಗೆ ಬರೋದಿದ್ದರೆ ಟಿಕೆಟ್ಟಿಗಿಂತ ಮುಂಚೆ ರೀ-ಎಂಟ್ರಿ ನೋಡಿ. ಮಗು ಹುಟ್ಟಿದರೆ ಪಾಸ್‌ಪೋರ್ಟಿನ ಕೆಲಸ ಆ ವಾರವೇ ಶುರು ಮಾಡಿ. ದಿನದ ಲೆಕ್ಕ, ಫೀಸು ಎಲ್ಲ ಆಗಾಗ ಬದಲಾಗುತ್ತೆ, ಹೊರಡುವ ಮುಂಚೆ ಆ ದೇಶದ ರಾಯಭಾರ ಕಚೇರಿ ಹೇಳಿದ್ದನ್ನೇ ನಂಬಿ, ಫೋನಿನ ಏಜೆಂಟನ್ನಲ್ಲ.

ಮತ್ತೆ, ಬಾಣಂತನಕ್ಕೆ ಇಂಗ್ಲಿಷಿನಲ್ಲಿ ಒಂದೇ ಗೆರೆಯಲ್ಲಿ ಹಿಡಿಸೋ ಪದ ಯಾರಿಗಾದರೂ ಹೊಳೆದರೆ ನಮ್ಮ ಕನ್ನಡ ಸಂಘಕ್ಕೆ ಬರೆದು ಕಳಿಸಿ. ಮುಂದೆ ಯಾರ ಅಮ್ಮನ ಅರ್ಜಿಗಾದರೂ ಬೇಕಾಗುತ್ತೆ.