ಕಾರ್ ಕಥೆ, ಭಾಗ 4: ತೆಂಗಿನಕಾಯಿ ಬಿದ್ರೆ ದುಡ್ಡು ಯಾರು ಕೊಡ್ತಾರೆ?

ಚನ್ನರಾಯಪಟ್ಟಣದ ನಮ್ಮ ಮಾವನ ಮನೆ ಸುತ್ತ ಬರೀ ತೆಂಗು. ಅಪ್ಪ ಅಲ್ಲೇ ಕಾರ್ ನಿಲ್ಸಿದ್ರು. ಬೆಳಿಗ್ಗೆ ನೋಡಿದ್ರೆ ಮುಂದಿನ ಗಾಜು ಪುಡಿಪುಡಿ, ಬಾನೆಟ್ ಗುಳಿ.

"ಇನ್ಶೂರೆನ್ಸ್ 3 ವರ್ಷ ಐತಲ್ಲ, ಬಿಡೋ" ಅಂದ್ರು ಅಪ್ಪ. ಹಾಸನಕ್ಕೆ ಬಂದು ಪಾಲಿಸಿ ಬಿಚ್ಚಿದ್ರೆ ಉಳಿದಿದ್ದು ಥರ್ಡ್ ಪಾರ್ಟಿ ಮಾತ್ರ. ನನ್ನ ಫೀಸಿಗೆ ಎತ್ತಿಟ್ಟಿದ್ದ ದುಡ್ಡು ಗ್ಯಾರೇಜಿಗೆ ಹೋಯ್ತು.

ಎಡವಟ್ಟಾಗಿದ್ದು ಎಲ್ಲಿ ಗೊತ್ತಾ? 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಥರ್ಡ್ ಪಾರ್ಟಿ ಒಟ್ಟಿಗೆ 3 ವರ್ಷಕ್ಕೆ ಮಾಡಿಸ್ಬೇಕು. ಅದು ನಮ್ಮ ಕಾರಿಂದ ಬೇರೆಯವರಿಗಾದ ಪೆಟ್ಟು, ನಷ್ಟಕ್ಕೆ, ಕಾನೂನಲ್ಲಿ ಕಡ್ಡಾಯ. ನಮ್ಮ ಕಾರಿಗೆ ಅದರಲ್ಲಿ ಒಂದು ಪೈಸೆನೂ ಬರಲ್ಲ. ಅದಕ್ಕೆ ಓನ್ ಡ್ಯಾಮೇಜ್ ಬೇಕು. ನಮ್ಮದು 1 ವರ್ಷಕ್ಕಷ್ಟೇ ಇತ್ತು, ಮುಗಿದಿದ್ದು ಯಾರೂ ನೋಡಿರ್ಲಿಲ್ಲ.

ಎರಡೂ ಸೇರಿದ್ರೆ ಕಾಂಪ್ರಹೆನ್ಸಿವ್. ಊರಲ್ಲಿ 'ಫುಲ್ ಇನ್ಶೂರೆನ್ಸ್' ಅಂತಾರಲ್ಲ, ಅದೇ. ಕಳ್ಳತನ, ಬೆಂಕಿ, ನೆರೆ ಎಲ್ಲ ಅದರಲ್ಲಿ. ಆದ್ರೆ ಫುಲ್ ಅಂದ್ರೂ ಫುಲ್ ಅಲ್ಲ! ಬಂಪರ್ ಥರದ ಪ್ಲಾಸ್ಟಿಕ್ ಭಾಗಕ್ಕೆ ಸವಕಳಿ ಅಂತ ಅರ್ಧ ಕಡಿತಾರೆ. ಝೀರೋ ಡೆಪ್ ಹಾಕಿಸಿದ್ರೆ ಆ ಕಡಿತ ಇಲ್ಲ.

ಇನ್ನೊಂದು. ಹೊಳೆನರಸೀಪುರ, ಅರಕಲಗೂಡು ಕಡೆ ಓಡಾಡೋರೇ, ಮಳೆಗಾಲದಲ್ಲಿ ನಿಂತ ನೀರಲ್ಲಿ ಗಾಡಿ ಆಫ್ ಆದ್ರೆ ಮತ್ತೆ ಸ್ಟಾರ್ಟ್ ಮಾಡ್ಬೇಡಿ. ತಳ್ಳಿಸಿ. ಎಂಜಿನ್ ನೀರೆಳೆದು ಹೋದ್ರೆ, ಎಂಜಿನ್ ಪ್ರೊಟೆಕ್ಟ್ ಇಲ್ದಿದ್ರೆ ಕ್ಲೇಮ್ ಸಿಗೋದು ಕಷ್ಟ.

ಪಾಲಿಸಿಯಲ್ಲಿ ಎರಡು ತಾರೀಖು ಇರುತ್ತೆ. ಇವತ್ತು ರಾತ್ರಿ ಊಟಕ್ಕೆ ಕೂರೋ ಮುಂಚೆ ನಿಮ್ಮನೆಯದು ತೆಗೆದು ನೋಡಿ. ಎರಡನೇದು ಯಾವತ್ತಿಗೆ ಮುಗಿಯುತ್ತೆ?